ಅಕ್ಕ ಮರೆತ ಆಪರೇಷನ್

ಅಕ್ಕ ಹಿರೇಕೆರೂರಿನಲ್ಲಿ ಹೆಂಗಸರ ಜಂಪರು ಹೊಲಿಯುತ್ತಿದ್ದಳು. ಮನೆಯ ಪಡಸಾಲೆಯಲ್ಲೇ ಮಷೀನು. ಬಂದವರು ಬಾಗಿಲಲ್ಲಿ ಚಪ್ಪಲಿ ಬಿಡುವಷ್ಟರಲ್ಲೇ ಒಮ್ಮೆ ಮೇಲಿಂದ ಕೆಳಗೆ ನೋಡಿ, ಟೇಪು ಹಿಡಿಯುವ ಮೊದಲೇ ಎದೆ ಇಷ್ಟು, ತೋಳು ಇಷ್ಟು ಎಂದು ಹೇಳಿಬಿಡುವಳು. ಹೆಚ್ಚಾಗಿ ತಪ್ಪುತ್ತಿರಲಿಲ್ಲ. ತನ್ನ ಜಂಪರನ್ನು ಮಾತ್ರ ಯಾರೆದುರಿಗೂ ಹೊಲಿಯುತ್ತಿರಲಿಲ್ಲ. ಅದಕ್ಕೆ ಒಂದು ಮೀಟರು ಬಟ್ಟೆ ಸಾಲುತ್ತಿರಲಿಲ್ಲ. ಅದು ಊರ ಹೆಂಗಸರಿಗೆ ಗೊತ್ತಾಗುವುದು ಅವಳಿಗೆ ಬೇಡವಾಗಿತ್ತು.

ನಾವಿಬ್ಬರೂ ಹಾನಗಲ್ಲ ತಾಲ್ಲೂಕಿನ ಆಡೂರಿನವರು. ಅಕ್ಕ ನನಗಿಂತ ಆರು ವರ್ಷ ದೊಡ್ಡವಳು. ಇಬ್ಬರೂ ಅವ್ವನಂತೆ ದಪ್ಪ. ಚಿಕ್ಕವರಿದ್ದಾಗ ಅದು ಮನೆತನದ ಲಕ್ಷಣ ಎನ್ನುವಂತೆ ಎಲ್ಲರೂ ಮಾತಾಡುತ್ತಿದ್ದರು. ಆಮೇಲೆ ಅವ್ವನಿಗೆ ಸಕ್ಕರೆ ಕಾಯಿಲೆ ಬಂತು. ಕಾಲಿನ ಬೆರಳಿಗೆ ಆದ ಹುಣ್ಣು ಮಾಯಲಿಲ್ಲ. ಬೆರಳು ಹೋಯಿತು, ಪಾದ ಹೋಯಿತು, ಮೊಣಕಾಲಿನ ಕೆಳಗಿನದೆಲ್ಲ ಹೋಯಿತು. ಕೊನೆಗೆ ಅವ್ವನೂ ಹೋದಳು. ಮಣ್ಣು ಮುಗಿಸಿ ಬಂದ ದಿನ ಹಿತ್ತಿಲ ಕಲ್ಲಿನ ಮೇಲೆ ಕುಳಿತು ಕಾಲು ತೊಳೆದುಕೊಳ್ಳುತ್ತಿದ್ದಾಗ ಅಕ್ಕ ನನ್ನ ಪಾದವನ್ನೂ ತನ್ನ ಪಾದವನ್ನೂ ಬಹಳ ಹೊತ್ತು ನೋಡಿದಳು.

"ನಮ್ಮ ಕಾಲೂ ಹಿಂಗ ಹೋಗ್ತಾವೇನ?" ಎಂದಳು.

ನಾನು ಕಾಲಿನ ಮೇಲೆ ಇನ್ನೊಂದು ತಂಬಿಗೆ ನೀರು ಹಾಕಿಕೊಂಡೆ. ಆಗ ನನಗೂ ಸಕ್ಕರೆ ಕಾಯಿಲೆ ಶುರುವಾಗಿತ್ತು. ಅವಳಿಗೂ ಇತ್ತು.

ನಾನು ಸವಣೂರಿನ ಒಂದು ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತೇನೆ. ಆ ದಿನಗಳಲ್ಲಿ ನನ್ನ ತೂಕ ನೂರಾ ಹದಿನಾಲ್ಕು ಕಿಲೋ. ಒಂದನೆಯ ತರಗತಿಯ ಮಕ್ಕಳ ಜೊತೆ ನೆಲದ ಮೇಲೆ ಕುಳಿತರೆ ಏಳಲಾಗುತ್ತಿರಲಿಲ್ಲ. ಇಬ್ಬರು ಮಕ್ಕಳು ಎರಡೂ ಕೈ ಹಿಡಿದು ಎಳೆಯುತ್ತಿದ್ದರು. ಅವರಿಗೆ ಅದು ಆಟ, ನನಗೆ ಅಲ್ಲ. ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಹೊಟ್ಟೆಯ ಚೀಲವನ್ನೇ ಕತ್ತರಿಸಿ ಸಣ್ಣದು ಮಾಡುತ್ತಾರೆ, ಆಮೇಲೆ ತಿನ್ನಲಾಗುವುದಿಲ್ಲ, ತೂಕ ಇಳಿಯುತ್ತದೆ, ಸಕ್ಕರೆಯೂ ಇಳಿಯುತ್ತದೆ ಎಂದು ಗೊತ್ತಾದಾಗ ನಾನು ಮತ್ತು ನನ್ನ ಗಂಡ ನಾಲ್ಕು ಸಲ ಹೋಗಿ ಕೇಳಿಕೊಂಡು ಬಂದೆವು. ಐದನೆಯ ಸಲ ಹೋದಾಗ ಆಪರೇಷನ್ ಮಾಡಿಸಿಕೊಂಡೆ.

ಮೊದಲ ವಾರ ನೀರು ಕುಡಿದರೂ ವಾಂತಿ. ಎಂಟೊಂಬತ್ತು ದಿನದಲ್ಲಿ ತಾನಾಗಿಯೇ ನಿಂತಿತು. ನಂತರ ಗಂಜಿ, ಬೇಳೆಯ ಕಟ್ಟು, ಮೆತ್ತಗಿನ ಅನ್ನ. ಒಂದು ರೊಟ್ಟಿ ತಿನ್ನಲು ಮೂರು ತಿಂಗಳು ಬೇಕಾಯಿತು. ವರ್ಷ ತುಂಬುವ ಹೊತ್ತಿಗೆ ನಲವತ್ತು ಕಿಲೋ ಇಳಿದಿದ್ದೆ. ಕೂದಲು ಹಿಡಿ ಹಿಡಿ ಉದುರಿತು, ತೋಳಿನ ಚರ್ಮ ಜೋತುಬಿತ್ತು. ಇವತ್ತಿಗೂ ಒಂದು ಹೋಳಿಗೆ ತಿಂದರೆ ಮೈಯೆಲ್ಲ ಬೆವೆತು ಎದೆ ಹೊಡೆದುಕೊಳ್ಳುತ್ತದೆ. ದಿನಾ ಗುಳಿಗೆ ನುಂಗಬೇಕು, ಮೂರು ತಿಂಗಳಿಗೊಮ್ಮೆ ಸೂಜಿ ಮಾಡಿಸಿಕೊಳ್ಳಬೇಕು. ಸಾಯುವ ತನಕ ಇದನ್ನು ಬಿಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆದರೂ ಮಕ್ಕಳ ಜೊತೆ ನೆಲದ ಮೇಲೆ ಕುಳಿತು ನಾನೇ ಎದ್ದೆ. ಆ ಸುಖ ಸುಳ್ಳಲ್ಲ.

ಆ ವರ್ಷವೆಲ್ಲ ನನ್ನ ಜಂಪರುಗಳನ್ನು ಒಳಗೆ ಹಿಡಿದುಕೊಟ್ಟವಳು ಅಕ್ಕ. ಎರಡು ತಿಂಗಳಿಗೊಮ್ಮೆ ಹಿರೇಕೆರೂರಿಗೆ ಹೋದರೆ, ಟೇಪು ಸುತ್ತಿ "ಮತ್ತ ಎರಡು ಇಂಚು!" ಎಂದು ಕೂಗುವಳು. ಒಂದು ದಿನ ಹಾಗೆ ಕೂಗಿದವಳು ಟೇಪನ್ನು ನನ್ನ ಸೊಂಟದಲ್ಲೇ ಬಿಟ್ಟು ಕುರ್ಚಿಯ ಮೇಲೆ ಕುಳಿತಳು.

"ನಾನೂ ಮಾಡಿಸ್ಕೋತೇನಿ. ನಿಮ್ಮ ಮಾವಗ ನೀನ ಹೇಳು. ನಾ ಹೇಳಿದ್ರ ಕೇಳಂಗಿಲ್ಲ."

ಮಾವ ಎಂದರೆ ಅಕ್ಕನ ಗಂಡ. ಸ್ವಲ್ಪ ಹೊಲ, ಬೀಜ ಗೊಬ್ಬರದ ಅಂಗಡಿ. ನಾನು ಶಾಲೆಯಲ್ಲಿ ಕಲಿಸುವುದರಿಂದ ಊರವರಂತೆ ನನ್ನನ್ನು "ಅಕ್ಕೋರ" ಎಂದೇ ಕರೆಯುತ್ತಾರೆ. ಆಪರೇಷನ್ ಎಂದ ಕೂಡಲೇ ಕೈಯಾಡಿಸಿಬಿಟ್ಟರು.

"ಬ್ಯಾಡ್ರಿ ಅಕ್ಕೋರ. ಚಂದಾಗಿದ್ದ ಹೊಟ್ಟಿ ಕೊಯ್ಸೂದಂದ್ರೇನು? ಆಕಿ ಹೆಂಗದಾಳ ಹಂಗ ಇರ್ಲಿ. ನಾ ಏನ್ ಅಂದೇನೇನು ಆಕಿಗೆ?"

"ನೀವ್ ಅಂದೀರಿ ಅಂತಲ್ರಿ ಮಾವ. ಅವ್ವನ ಕಾಲು ನೋಡಿಲ್ಲೇನು ನೀವು?"

ಅವರು ಅಂಗಡಿಯ ಕೀಲಿ ತೆಗೆದುಕೊಂಡು ಹೊರಟರು. ಒಪ್ಪಲಿಲ್ಲ. ಮೂರು ವರ್ಷ ನಾನು ಹೇಳುತ್ತಲೇ ಹೋದೆ. ಅಷ್ಟರಲ್ಲಿ ಅಕ್ಕನ ಮಗಳ ಮದುವೆಯಾಯಿತು, ಅವಳು ಹಾನಗಲ್ಲಿಗೆ ಹೋದಳು. ಅಕ್ಕನ ಮೊಣಕಾಲು ಮಷೀನು ತುಳಿಯಲಾರದಷ್ಟು ಹಾಳಾದವು. ಕಡೆಗೆ ಒಂದು ದಿನ ಅವರ ಎದುರು ನಿಂತು, "ನಾ ಇದ್ದೇನಲ್ರಿ ನಿಮ್ಮ ಕಣ್ಣ ಮುಂದ. ನನಗೇನಾಗೇತಿ ಹೇಳ್ರಿ" ಎಂದೆ. ಮಾವ ನನ್ನನ್ನು ನೋಡಿ, ಅಕ್ಕನನ್ನು ನೋಡಿ, "ಆತು. ನಿಮ್ಮ ಮ್ಯಾಲೆ ಭಾರ" ಎಂದರು.

ಆಪರೇಷನ್ ಚೆನ್ನಾಗಿಯೇ ಆಯಿತು. ನಾಲ್ಕನೆಯ ದಿನ ಮನೆಗೆ ಕಳಿಸಿದರು. ಏನು ಕುಡಿಯಬೇಕು, ಯಾವ ಗುಳಿಗೆ ಯಾವಾಗ, ಏನಾದರೆ ಕೂಡಲೇ ಬರಬೇಕು ಎಂದು ಬರೆದ ಕಾಗದ ಕೊಟ್ಟರು. ಅಕ್ಕ ಅದನ್ನು ಮಷೀನಿನ ಎದುರಿನ ಗೋಡೆಗೆ ಅಂಟಿಸಿದಳು.

ಎರಡನೆಯ ವಾರ ಫೋನು ಮಾಡಿದಳು.

"ಏನ್ ಕುಡದ್ರೂ ನಿಲ್ಲವಲ್ದು. ಎಲ್ಲಾ ಹೊರಗ ಬರ್ತೇತಿ."

"ನನಗೂ ಹಂಗ ಆಗಿತ್ತಲ್ಲ. ಆಮ್ಯಾಲೆ ತಾನ ನಿಲ್ತೇತಿ. ಒಂದೊಂದ ಗುಟುಕು ಕುಡಿ."

ಮೂರನೆಯ ವಾರವೂ ಅದೇ ಮಾತು, ಅದೇ ಉತ್ತರ. ಗುಳಿಗೆಯೂ ವಾಂತಿಯಾಗುತ್ತದೆ, ಅದಕ್ಕೇ ಬಿಟ್ಟಿದ್ದೇನೆ ಎಂದಳು. ತಪಾಸಣೆಗೆ ಹುಬ್ಬಳ್ಳಿಗೆ ಹೋಗುವ ದಿನ ಗಾಡಿ ಹತ್ತಲಾರದೆ, ಮಾವನಿಗೆ ಬರೀ ಸುಸ್ತು ಎಂದು ಹೇಳಿ, ಮನೆಯಲ್ಲೇ ಉಳಿದಳು. "ಮುಂದಿನ ವಾರ ಹೋಗಿ ಬಾ" ಎಂದೆ. ನನಗೆ ಆಗ ಶಿಗ್ಗಾಂವಿಯಲ್ಲಿ ಶಿಕ್ಷಕರ ತರಬೇತಿ. ಬಸ್ಸಿನಲ್ಲಿ ಹೋಗುತ್ತ ಬರುತ್ತ ಅವಳ ಜೊತೆ ಮಾತಾಡುತ್ತಿದ್ದೆ. ಅವಳಿಗೆ ಧೈರ್ಯ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ.

"ಮಾವಗ ಹೇಳಿಲ್ಲೇನು?"

"ಹೇಳಿಲ್ಲ. ನೀನೂ ಹೇಳಬ್ಯಾಡ. ನಾ ಮೊದಲ ಅಂದಿದ್ದೆ ಅಂತಾರ. ಅವರು ಅಂಗಡಿಗೆ ಹೋದಮ್ಯಾಲೆ ಹಿತ್ತಲಾಗ ಹೋಗಿ ಕಾರಿಕೊಂಡ ಬರ್ತೇನಿ."

ನಾನು ಹೇಳಲಿಲ್ಲ. ನನ್ನ ಮೇಲೆ ಭಾರ ಹಾಕಿದ ಮನುಷ್ಯನಿಗೆ ಆ ಒಂದು ಮಾತನ್ನು ನಾನು ಹೇಳಲಿಲ್ಲ.

ಐದನೆಯ ವಾರ ಅವಳು ಬೇರೆಯೇ ಒಂದು ಮಾತು ಹೇಳಿದಳು. "ಸೂಜಿಗೆ ದಾರ ಪೋಣಸಾಕ ಆಗವಲ್ದವಾ. ಎರಡೆರಡು ಸೂಜಿ ಕಾಣಸ್ತಾವ. ನಡದ್ರ ಜೋಲಿ ಹೊಡಿತೈತಿ."

"ಹೊಟ್ಯಾಗ ಏನೂ ಇಲ್ದ ನಿಶ್ಶಕ್ತಿ ಅದು. ಎಳನೀರು ಕುಡಿ," ಎಂದೆ.

ಆ ವಾಕ್ಯವನ್ನು ನಾನು ಎಷ್ಟು ಸಲ ನನ್ನಷ್ಟಕ್ಕೆ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ. ಪಾಠ ಮಾಡುತ್ತಿರುವಾಗ, ರೊಟ್ಟಿ ಬಡಿಯುತ್ತಿರುವಾಗ, ಬಸ್ಸಿಗೆ ಕಾಯುತ್ತಿರುವಾಗ ಅದು ನನ್ನದೇ ದನಿಯಲ್ಲಿ ಕೇಳಿಸುತ್ತದೆ. ಮಷೀನಿನ ಎದುರಿನ ಕಾಗದದಲ್ಲಿ, ವಾಂತಿ ನಿಲ್ಲದಿದ್ದರೆ ಕೂಡಲೇ ಬರಬೇಕು ಎಂದು ಬರೆದಿತ್ತು. ಕಾಗದ ಅವಳ ಕಣ್ಣೆದುರಿಗೇ ಇತ್ತು. ಅವಳು ಕಾಗದವನ್ನು ನಂಬಲಿಲ್ಲ, ತಂಗಿಯನ್ನು ನಂಬಿದಳು.

ನಾಲ್ಕು ದಿನದ ಮೇಲೆ ಮಾವ ಫೋನು ಮಾಡಿದರು. ಅಕ್ಕ ಪಡಸಾಲೆಯಲ್ಲಿ ಬಿದ್ದಿದ್ದಳು. ಎಬ್ಬಿಸಿ ಕೂಡಿಸಿದರೆ, ಇದು ಯಾರ ಮನಿ, ನಮ್ಮನಿಗೆ ಹೋಗೂಣ ಎನ್ನುತ್ತಿದ್ದಳು. ಊರಿನ ಡಾಕ್ಟರೊಬ್ಬರು ಗ್ಲುಕೋಸ್ ಬಾಟಲಿ ಹಾಕಿದ್ದರು. ಬಾಟಲಿ ಮುಗಿದಂತೆ ಅವಳು ಇನ್ನೂ ಮಂಕಾಗುತ್ತ ಹೋಗಿದ್ದಳು. ಅವರು ಕಾರು ಮಾಡಿಕೊಂಡು ಹುಬ್ಬಳ್ಳಿಗೆ ಹೊರಟಿದ್ದರು. ನಾನು ತರಬೇತಿಯಿಂದ ಎದ್ದು ಹೋಗಿ ಶಿಗ್ಗಾಂವಿಯಲ್ಲಿ ಅದೇ ಕಾರು ಹತ್ತಿದೆ.

ಹಿಂದಿನ ಸೀಟಿನಲ್ಲಿ ಅಕ್ಕ ಕಿಟಕಿಗೆ ಒರಗಿ ಕುಳಿತಿದ್ದಳು. ಕಣ್ಣುಗುಡ್ಡೆಗಳು ಒಂದೆಡೆ ನಿಲ್ಲದೆ ಅತ್ತಿತ್ತ ನಡುಗುತ್ತಿದ್ದವು. ನನ್ನನ್ನು ಬಹಳ ಹೊತ್ತು ನೋಡಿದಳು. ಕಾರು ತಡಸದ ಹತ್ತಿರ ಬಂದಾಗ ನನ್ನ ಗಲ್ಲ ಮುಟ್ಟಿ ಕೇಳಿದಳು:

"ನೀ ಯಾಕ ಹಿಂಗ ಸೊರಗೀದಿ? ಜಡ್ಡಿಗೆ ಬಿದ್ದಿದ್ದೇನು? ನನಗ್ಯಾಕ ಹೇಳಲಿಲ್ಲ?"

ನಾನು ಸೊರಗಿ ನಾಲ್ಕು ವರ್ಷವಾಗಿತ್ತು. ಪ್ರತಿ ಎರಡು ಇಂಚನ್ನೂ ಅಳೆದವಳು ಅವಳೇ.

ದವಾಖಾನೆಯಲ್ಲಿ ನಮ್ಮ ಜೊತೆ ಮಾತಾಡಿದ್ದು ಒಬ್ಬ ಡಾಕ್ಟರಮ್ಮ. ವಯಸ್ಸು ನನಗಿಂತ ಕಡಿಮೆ. ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿ, ಕೂಡಲೇ ಒಂದು ಸೂಜಿ ಮಾಡಿಸಿ, ಆಮೇಲೆ ನಮ್ಮನ್ನು ಹೊರಗೆ ಕರೆದಳು.

"ಎಷ್ಟು ದಿನದಿಂದ ವಾಂತಿ ಇತ್ತು?"

"ವಾಂತಿ ಇರಲಿಲ್ರಿ," ಎಂದರು ಮಾವ.

"ಒಂದು ತಿಂಗಳ ಮ್ಯಾಲಾತು," ಎಂದೆ ನಾನು.

ಮಾವ ನನ್ನ ಕಡೆ ತಿರುಗಿದರು. ಡಾಕ್ಟರಮ್ಮ ನಿಧಾನವಾಗಿ ಬಿಡಿಸಿ ಹೇಳಿದಳು. ನಮ್ಮ ದೇಹಕ್ಕೆ ಬಿ ಒನ್ ಎಂಬ ಒಂದು ವಿಟಮಿನ್ ದಿನಾ ಬೇಕು, ಅದು ಕೂಡಿಟ್ಟುಕೊಳ್ಳಲಾಗದ್ದು. ವಾರಗಟ್ಟಲೆ ವಾಂತಿಯಾದರೆ ಖಾಲಿಯಾಗುತ್ತದೆ. ಖಾಲಿಯಾದರೆ ಮೆದುಳಿಗೇ ಏಟು. ಅದನ್ನು ಕೊಡದೆ ಬರೀ ಗ್ಲುಕೋಸ್ ಹಾಕಿದರೆ ಇನ್ನೂ ಕೆಡುತ್ತದೆ.

"ಕಣ್ಣು ಸರಿಹೋಗ್ತಾವು. ನಡಿಗೆ ಸ್ವಲ್ಪ ಮಟ್ಟಿಗೆ ಬರಬಹುದು. ನೆನಪಿನದು ನಾ ಹೇಳಲಾರೆ. ಎರಡು ವಾರ ಮೊದಲು ಬಂದಿದ್ರೆ..." ಎಂದು ಅಷ್ಟಕ್ಕೇ ನಿಲ್ಲಿಸಿದಳು.

ಅವಳು ಹೇಳಿದಂತೆಯೇ ಆಯಿತು. ಕಣ್ಣು ಎರಡೇ ದಿನದಲ್ಲಿ ನೆಟ್ಟಗಾದವು. ನಡೆಯುವುದು ಆರು ತಿಂಗಳ ಮೇಲೆ, ಅದೂ ವಾಕರ್ ಹಿಡಿದು. ನೆನಪು ಬರಲಿಲ್ಲ. ಹಳೆಯದೆಲ್ಲ ಇದೆ: ಆಡೂರಿನ ಮನೆ, ಅವ್ವನ ಕಾಲು, ತನ್ನ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂಬುದು. ಆಪರೇಷನ್ನಿಗೆ ಐದಾರು ವರ್ಷ ಹಿಂದಿನವರೆಗೆ ಬಂದು ಅವಳ ಲೋಕ ನಿಂತುಬಿಟ್ಟಿದೆ. ಈಗ ಆಗಿದ್ದು ಇನ್ನರ್ಧ ತಾಸಿಗೆ ಇರುವುದಿಲ್ಲ. ನಿನ್ನೆ ಏನು ಮಾಡಿದೆ ಎಂದು ಕೇಳಿದರೆ, "ಹಾನಗಲ್ಲಿಗೆ ಹೋಗಿದ್ದೆ, ಮಾವಿನಕಾಯಿ ತಂದೆ" ಎಂದು ನಂಬುವಂತೆ ಹೇಳುತ್ತಾಳೆ. ಸುಳ್ಳು ಹೇಳುತ್ತಿಲ್ಲ. ಖಾಲಿ ಇದ್ದಲ್ಲಿ ಏನೋ ಒಂದು ಬಂದು ಕುಳಿತುಕೊಳ್ಳುತ್ತದೆ, ಅಷ್ಟೇ.

ಮಗಳ ಮದುವೆಯೂ ಆ ಕಳೆದುಹೋದ ವರ್ಷಗಳಲ್ಲೇ ಇದೆ. ಆಮೇಲೆ ಮೊಮ್ಮಗಳು ಹುಟ್ಟಿದಳು. ಮಗಳು ಕೂಸನ್ನು ತಂದು ಮಡಿಲಲ್ಲಿ ಇಟ್ಟರೆ ಅಕ್ಕ ಪ್ರೀತಿಯಿಂದಲೇ ಎತ್ತಿಕೊಂಡು, "ಎಷ್ಟು ಚಂದೈತಿ. ಯಾರ ಕೂಸವಾ ಇದು?" ಎನ್ನುತ್ತಾಳೆ. ಮಗಳು ಮೊದಮೊದಲು ಹೇಳುತ್ತಿದ್ದಳು. ಈಗ, "ಹೌದಲ್ಲ, ಚಂದೈತಿ" ಎಂದಷ್ಟೇ ಹೇಳಿ ಒಳಗೆ ಹೋಗುತ್ತಾಳೆ.

ಎಲ್ಲಕ್ಕಿಂತ ಕಷ್ಟವಾದದ್ದು ಅವಳ ಮೈಯೇ ಅವಳಿಗೆ ಗೊತ್ತಿಲ್ಲದಿರುವುದು. ಆಪರೇಷನ್ ಆದದ್ದು ಅವಳಿಗೆ ನೆನಪಿಲ್ಲ. ತಾನಿನ್ನೂ ದಪ್ಪ ಇದ್ದೇನೆ ಎಂದೇ ತಿಳಿದಿದ್ದಾಳೆ. ಪ್ಲಾಸ್ಟಿಕ್ ಕುರ್ಚಿ ಕೊಟ್ಟರೆ, "ಬ್ಯಾಡವಾ, ಮುರಿತೈತಿ" ಎಂದು ಕಟ್ಟೆ ಹುಡುಕುತ್ತಾಳೆ. ಊಟಕ್ಕೆ ಕುಳಿತರೆ ಮೊದಲಿನಂತೆ ಮೂರು ರೊಟ್ಟಿ ಹಾಕಿಕೊಳ್ಳುತ್ತಾಳೆ. ಅರ್ಧಕ್ಕೇ ಎದೆಯಲ್ಲಿ ಸಿಕ್ಕಿಕೊಂಡು ಬೆವೆತು ಒದ್ದಾಡಿ ವಾಂತಿ ಮಾಡಿಕೊಳ್ಳುತ್ತಾಳೆ. ಸ್ವಲ್ಪ ಹೊತ್ತಿಗೆ ಅದೂ ಮರೆತು, "ಹಸಿವಾಗೇತಿ, ಇವತ್ತ ಯಾರೂ ಊಟಕ್ಕ ಕರೀಲೇ ಇಲ್ಲ" ಎನ್ನುತ್ತಾಳೆ. ವಾಂತಿ ಎಂದರೆ ಮನೆಯವರಿಗೆಲ್ಲ ಈಗ ಜೀವ ಹೋದಂತೆ. ಮಾವ ಅಡುಗೆಮನೆಯ ಕಪಾಟಿಗೆ ಬೀಗ ಹಾಕಿದ್ದಾರೆ. ದಿನಕ್ಕೆ ಆರು ಸಲ ಸಣ್ಣ ಬಟ್ಟಲಿನಲ್ಲಿ ತಾವೇ ತಂದು ಉಣಿಸುತ್ತಾರೆ, ಎದುರಿಗೇ ಕುಳಿತು ಗುಳಿಗೆ ನುಂಗಿಸುತ್ತಾರೆ. ಅಂಗಡಿಯನ್ನು ತಮ್ಮನಿಗೆ ಬಿಟ್ಟುಕೊಟ್ಟಿದ್ದಾರೆ.

ಆಶ್ಚರ್ಯವೆಂದರೆ ಹೊಲಿಗೆ ಅವಳ ಕೈಬಿಟ್ಟು ಹೋಗಿಲ್ಲ. ಮಷೀನಿನ ಮುಂದೆ ಕೂಡಿಸಿದರೆ ಕೈ ತಾನಾಗಿಯೇ ನಡೆಯುತ್ತದೆ. ಹೋದ ವರ್ಷ ನಾನು ಒಂದೂವರೆ ಮೀಟರು ಹಸಿರು ಕಣದ ಬಟ್ಟೆ ಒಯ್ದುಕೊಟ್ಟೆ. ಮಧ್ಯಾಹ್ನವೆಲ್ಲ ಕುಳಿತು, ಹೆಗಲು, ತೋಳು, ಕಂಕುಳು ಒಂದೂ ತಪ್ಪದಂತೆ ತನಗೊಂದು ಜಂಪರು ಹೊಲಿದಳು. ಹಳೆಯ ಅಳತೆಯದು. ತೊಟ್ಟುಕೊಂಡಾಗ ಅದು ಗೂಟಕ್ಕೆ ತೂಗುಹಾಕಿದಂತೆ ಜೋತುಬಿತ್ತು. ಅವಳು ಕನ್ನಡಿಯ ಮುಂದೆ ನಿಂತು ತನ್ನ ತೋಳನ್ನು ತಾನೇ ಹಿಡಿದು ನೋಡಿಕೊಂಡಳು.

"ಖರೇ ಹೇಳು. ನನಗ ದೊಡ್ಡ ಜಡ್ಡು ಆಗೇತೇನು? ಸಾಯಾಕತ್ತೇನೇನು ನಾ?"

"ಇಲ್ಲಕ್ಕಾ. ಆಪರೇಷನ್ ಮಾಡಿಸ್ಕೊಂಡೀದಿ ನೀ. ತೂಕ ಇಳಿಯೂ ಆಪರೇಷನ್. ಸಕ್ರಿ ಹೋಗೇತಿ ನಿಂದು."

"ಹೌದು? ಖರೇನ?" ಅವಳ ಮುಖ ಅರಳಿದ ಬಗೆಯನ್ನು ಹೇಗೆ ಬರೆಯಲಿ. ಒಂದು ಕೈ ವಾಕರಿನ ಮೇಲೆ, ಒಂದು ಕೈ ಸೊಂಟದ ಮೇಲೆ ಇಟ್ಟು ಕನ್ನಡಿಯಲ್ಲಿ ಅತ್ತ ತಿರುಗಿದಳು, ಇತ್ತ ತಿರುಗಿದಳು. "ಎಷ್ಟು ಇಳದೇನಿ? ಕಾಲೇನೂ ತಗೀಯಂಗಿಲ್ಲಲ್ಲ ಹಂಗಾರ? ಯಾರು ಹೇಳಿದ್ರು ಮಾಡಿಸ್ಕೋ ಅಂತ?"

"ನಾನ ಹೇಳಿದ್ದೆ."

"ಛಲೋ ಮಾಡಿದಿ ನೋಡು," ಎಂದು ನನ್ನ ತಲೆ ಸವರಿದಳು. "ನೀ ಇದ್ದದ್ದಕ್ಕ ಆತು."

ಆ ದಿನ ಮೂರು ಸಲ ಹೆದರಿದಳು, ಮೂರು ಸಲ ಹಿಗ್ಗಿದಳು, ಮೂರು ಸಲ ನನ್ನ ತಲೆ ಸವರಿದಳು. ಮೂರನೆಯ ಸಲ ನನಗೆ ನಿಲ್ಲಲಾಗಲಿಲ್ಲ. ಹಿತ್ತಿಲಿಗೆ ಹೋಗಿ ನೀರಿನ ತೊಟ್ಟಿಯ ಬಳಿ ಕುಳಿತೆ. ಮಾವ ಹಿಂದೆಯೇ ಬಂದರು. ಅಲ್ಲಿಯೇ ನಾನು ಎಲ್ಲ ಹೇಳಿದೆ. ಫೋನಿನಲ್ಲಿ ಅವಳು ಏನೇನು ಹೇಳಿದಳು, ನಾನು ಏನೇನು ಹೇಳಿದೆ, ಎರಡೆರಡು ಸೂಜಿ, ಎಳನೀರು. ಮಾವಗ ಹೇಳಬ್ಯಾಡ ಎಂದದ್ದು, ಅದಕ್ಕೆ ನಾನು ಒಪ್ಪಿದ್ದು. ದವಾಖಾನೆಯಲ್ಲಿ ಅವರು ನನ್ನ ಕಡೆ ತಿರುಗಿದ ಆ ಹೊತ್ತಿನಿಂದ ಎರಡು ವರ್ಷ ನಾವಿಬ್ಬರೂ ಆ ಮಾತು ಎತ್ತಿರಲಿಲ್ಲ.

ಅವರು ನಿಂತೇ ಕೇಳಿದರು.

"ನನಗ ನಿಮ್ಮ ಮ್ಯಾಲೆ ಸಿಟ್ಟು ಐತಿ ಅಕ್ಕೋರ. ಇಲ್ಲ ಅಂದ್ರ ಸುಳ್ಳಾಗ್ತೈತಿ. ಒಂದ ಫೋನ್ ಮಾಡಿದ್ರ ಸಾಕಿತ್ತು ನೀವು."

"ಹೌದ್ರಿ."

"ಆಕಿ ಮ್ಯಾಲೂ ಐತಿ. ನನ್ನ ಮ್ಯಾಲೂ ಐತಿ. ಹೆಂಡ್ತಿ ತನ್ನ ಜಡ್ಡು ಮುಚ್ಚಿಡೂ ಹಂಗ ಹೆದ್ರಿಸಿಟ್ಟವ ನಾನ ಅಲ್ಲ?" ಮುಖ ಒರೆಸಿಕೊಂಡರು. "ನೀವು ಬರೂದ ಬಿಡಬ್ಯಾಡ್ರಿ. ನೀವು ಬಂದ ದಿನ ಆಕಿ ಎರಡು ತುತ್ತು ಸಮಾಧಾನದಿಂದ ಉಣತಾಳ."

ಅವರು ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅದಾದ ಮೇಲೆ ಕೆಲವು ತಿಂಗಳು ನಾನು ನನ್ನ ಗುಳಿಗೆಗಳನ್ನು ಬಿಟ್ಟಿದ್ದೆ. ಯಾಕೆ ಎಂದು ಕೇಳಿದರೆ ಹೇಳಲು ಬರುವುದಿಲ್ಲ. ಡಬ್ಬಿ ಕೈಗೆ ತೆಗೆದುಕೊಳ್ಳುವೆ, ಹಾಗೇ ಇಡುವೆ. ಸೂಜಿಗೂ ಹೋಗಲಿಲ್ಲ. ಅಂಗಾಲಿನಲ್ಲಿ ಇರುವೆ ಹರಿದಂತೆ ಜುಮುಜುಮು ಶುರುವಾಯಿತು. ಶಾಲೆಯ ಮೆಟ್ಟಿಲಲ್ಲಿ ಮೇಲುಸಿರು ಬಂತು. ಗಂಡ ಕೈ ಹಿಡಿದು ಹುಬ್ಬಳ್ಳಿಗೆ ಕರೆದೊಯ್ದ. ಅದೇ ಡಾಕ್ಟರಮ್ಮ ರಕ್ತದ ವರದಿ ನೋಡಿ ನನ್ನತ್ತ ಸರಿಸಿದಳು.

"ನಿಮ್ಮ ಅಕ್ಕನ್ನ ನೋಡಿದವರು ನೀವು. ನೀವೂ ಬಿದ್ರೆ ಅವರಿಗೆ ಯಾರು?"

ಮತ್ತೆ ಶುರುಮಾಡಿದೆ. ಈಗ ತಪ್ಪಿಸುವುದಿಲ್ಲ. ಹೋದ ಚಳಿಗಾಲದಲ್ಲಿ ಹಿರೇಬೆಂಡಿಗೇರಿಯ ಒಬ್ಬ ಹೆಣ್ಣುಮಗಳು, ನಮ್ಮ ಶಾಲೆಯ ಅಡುಗೆಯವಳ ಸಂಬಂಧಿ, ಮಾಡಿಸಿಕೊಳ್ಳಲೋ ಬೇಡವೋ ಎಂದು ಕೇಳಲು ಬಂದಳು. ಮಾಡಿಸಿಕೋ ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನನ್ನದು ಹೇಳಿದೆ, ಅಕ್ಕನದು ಹೇಳಿದೆ. ಅವಳು ಮಾಡಿಸಿಕೊಂಡಳು. ಮೊದಲ ಎರಡು ತಿಂಗಳು ದಿನಾ ಅವಳಿಗೂ ಅವಳ ಗಂಡನಿಗೂ ಬೇರೆ ಬೇರೆ ಫೋನು ಮಾಡುತ್ತಿದ್ದೆ. ಹನ್ನೊಂದನೆಯ ದಿನ ವಾಂತಿ ಎಂದಾಗ ಅವತ್ತೇ ದವಾಖಾನೆಗೆ ಹೊರಡಿಸಿದೆ. ಚೆನ್ನಾಗಿದ್ದಾಳೆ. ಅದರಿಂದ ನನ್ನ ಅಕ್ಕನಿಗೆ ಏನೂ ಆಗುವುದಿಲ್ಲ ಎಂಬುದು ನನಗೆ ಗೊತ್ತಿದೆ.

ಮೊನ್ನೆ ಅಕ್ಕನನ್ನು ವರ್ಷದ ತಪಾಸಣೆಗೆ ಕರೆದುಕೊಂಡು ಹೋಗಿದ್ದೆವು. ಮಾವನಿಗೆ ಹುಬ್ಬಳ್ಳಿಯಲ್ಲಿ ಬೇರೆ ಕೆಲಸವಿತ್ತು, ವಾಪಸು ಬರುವಾಗ ನಾವಿಬ್ಬರೇ ಬಸ್ಸಿನಲ್ಲಿ. ವರದಿಗಳೆಲ್ಲ ಚೆನ್ನಾಗಿದ್ದವು. ಸಕ್ಕರೆ ಇಲ್ಲ, ರಕ್ತದೊತ್ತಡ ಸರಿ, ಮೊಣಕಾಲಿನ ನೋವಿಲ್ಲ. ತೂಕ ಅರವತ್ತೆಂಟು. ಆಪರೇಷನ್ನಿನ ಮಟ್ಟಿಗೆ ಎಲ್ಲ ಸರಿಯಾಗಿದೆ ಎಂದು ಡಾಕ್ಟರಮ್ಮ ಹೇಳಿದಳು. ಹೇಳಿ ತಲೆ ತಗ್ಗಿಸಿದಳು.

ತಡಸದಲ್ಲಿ ಬಸ್ಸು ನಿಂತಾಗ ಅಕ್ಕ ಗಿರ್ಮಿಟ್ ಕೇಳಿದಳು. ಒಂದು ಪೊಟ್ಟಣ ಕೊಂಡೆ. ಮಂಡಕ್ಕಿಯನ್ನು ನಾಲ್ಕು ಬಾಯಿ ನಿಧಾನ ಅಗಿದು ತಿಂದಳು. ಐದನೆಯದಕ್ಕೆ ಅವಸರವಾಯಿತು, ಎದೆ ಹಿಡಿದುಕೊಂಡಳು. ನಾನು ಪೊಟ್ಟಣ ತೆಗೆದುಕೊಂಡೆ. ಅವಳು ಬಿಡಲಿಲ್ಲ, ಎಳೆದೆ. ಬಸ್ಸಿನಲ್ಲಿ ಎಲ್ಲರೂ ನೋಡುವಂತೆ ಅತ್ತುಬಿಟ್ಟಳು.

"ಒಡಹುಟ್ಟಿದಾಕಿಗೆ ತಿನ್ನಾಕ ಕೊಡಂಗಿಲ್ಲೇನ ನೀ? ಏನ್ ತಪ್ಪು ಮಾಡೇನಿ ನಿನಗ ನಾ?"

ಮುಂದಿನ ಸೀಟಿನ ಹೆಂಗಸು ತಿರುಗಿ ನೋಡಿ, "ಕೊಡ್ರಲ್ಲ ಪಾಪ, ಎಷ್ಟು ಸಣ್ಣಾಗ್ಯಾರ" ಎಂದಳು. ನಾನು ಪೊಟ್ಟಣವನ್ನು ಚೀಲಕ್ಕೆ ಹಾಕಿ, ಅಕ್ಕನ ಬೆನ್ನು ಸವರುತ್ತ ಕುಳಿತೆ.

ಶಿಗ್ಗಾಂವಿ ಬರುವ ಹೊತ್ತಿಗೆ ಅವಳ ಅಳು ನಿಂತಿತ್ತು. ಯಾಕೆ ಅತ್ತದ್ದು ಎಂಬುದೂ ಹೋಗಿತ್ತು. ಕೆನ್ನೆಯ ಮೇಲಿನ ಒದ್ದೆಯನ್ನು ಮುಟ್ಟಿ ನೋಡಿಕೊಂಡು, ಸೆರಗಿನಿಂದ ಒರೆಸಿ, ಕಿಟಕಿಯ ಹೊರಗಿನ ಗೋವಿನಜೋಳದ ಹೊಲ ತೋರಿಸಿದಳು.

"ಈ ಸಲ ತೆನಿ ಛಲೋ ಕಟ್ಟ್ಯಾವ ನೋಡು," ಎಂದಳು.

"ಹೌದಕ್ಕಾ, ಛಲೋ ಕಟ್ಟ್ಯಾವ," ಎಂದೆ.